ಮೂಸಿ ನೋಡದೆ ಪರ್ಫ್ಯೂಮ್ ಕೊಳ್ಳುವುದು: ಬಹಳ ಕಾಲ ಬಳಸಿದ ಮೇಲೆ ನನ್ನ ಅಭಿಪ್ರಾಯ

ನನ್ನ ಕಪಾಟಿನಲ್ಲಿರುವ ಪರ್ಫ್ಯೂಮ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮೂಸಿ ನೋಡದೆ ತರಿಸಿಕೊಂಡವು. ವರ್ಷಗಳಿಂದ ಹೀಗೇ ನಡೆದಿದೆ. ಕೆಲವು ಬಾಟಲಿ ತಳ ಕಂಡು, ಅದನ್ನೇ ಮತ್ತೆ ತರಿಸಿಯೂ ಆಗಿದೆ. ಹಾಗಾಗಿ ಇದು ಪೆಟ್ಟಿಗೆ ಬಿಚ್ಚಿದ ದಿನವೇ ಬರೆದ ವಿಮರ್ಶೆ ಅಲ್ಲ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ಮೂಸದೆ ಕೊಳ್ಳಬಹುದು, ಚೆನ್ನಾಗಿಯೇ ಕೊಳ್ಳಬಹುದು. ಆದರೆ ಎಲ್ಲರೂ ಮೊದಲು ನೋಡುವ ಆ ನೋಟ್ಸ್ ಪಟ್ಟಿಯನ್ನು, ಅಂದರೆ ಏನೇನು ವಾಸನೆ ಬರುತ್ತದೆ ಅಂತ ಬರೆದ ಪಟ್ಟಿಯನ್ನು, ನಂಬಿ ಕೊಳ್ಳಬಾರದು.

ಆ ಪಟ್ಟಿ ಗೊತ್ತಲ್ಲ, ಮೇಲೆ ನಿಂಬೆ, ನಡುವೆ ಮಲ್ಲಿಗೆ, ತಳದಲ್ಲಿ ಶ್ರೀಗಂಧ ಅಂತ ಮೂರು ಸಾಲಿನಲ್ಲಿ ಬರೆದಿರುತ್ತಾರೆ. ಓದಿದರೆ ಬಾಟಲಿಯೊಳಗೆ ಇವೆಲ್ಲ ಇವೆ ಅನ್ನಿಸುತ್ತದೆ. ಅದು ಸಾಮಗ್ರಿಗಳ ಪಟ್ಟಿ ಅಲ್ಲವೇ ಅಲ್ಲ. ಹಾಕಿಕೊಂಡಾಗ ನಿಮಗೆ ಏನೇನು ನೆನಪಾಗಬೇಕು ಅಂತ ಕಂಪನಿ ಬಯಸುತ್ತದೋ ಅದರ ಪಟ್ಟಿ. ಲಿಲಿ ಆಫ್ ದಿ ವ್ಯಾಲಿ ಅನ್ನೋ ಹೂವನ್ನೇ ತಗೊಳ್ಳಿ. ಅದರಿಂದ ಪರ್ಫ್ಯೂಮ್‌ಗೆ ಬೇಕಾದ ಎಣ್ಣೆ ಸಿಗುವುದೇ ಇಲ್ಲ. 1956ರಲ್ಲಿ ಎಡ್ಮಂಡ್ ರುಡ್ನಿಟ್ಸ್ಕಾ ಡಿಯೋರ್ ಕಂಪನಿಗೆ ಡಿಯೋರಿಸ್ಸಿಮೊ ಮಾಡಿದಾಗ ಆ ಹೂವಿನ ಘಮವನ್ನು ಬೇರೆ ವಸ್ತುಗಳಿಂದಲೇ ಕಟ್ಟಿದರು, ಇವತ್ತಿಗೂ ಎಲ್ಲರೂ ಹಾಗೇ ಕಟ್ಟುತ್ತಾರೆ. ಪಟ್ಟಿಯಲ್ಲಿ ಲೆದರ್ ಅಂತ ಇದ್ದರೆ ಒಳಗೆ ಚರ್ಮದ್ದು ಏನೂ ಇರುವುದಿಲ್ಲ. ಆಂಬರ್ ಅಂತ ಇದ್ದರೆ ಅದು ಸಾಮಾನ್ಯವಾಗಿ ಲ್ಯಾಬ್ಡನಮ್ ಅನ್ನೋ ಗಿಡದ ಅಂಟು, ವೆನಿಲ್ಲಾ, ಬೆಂಜೋಯಿನ್ ಅನ್ನೋ ಮರದ ಅಂಟು ಇಂಥವು ಸೇರಿದ ಒಂದು ಮಿಶ್ರಣ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಥರ. ಅದಕ್ಕೇ ಒಂದು ಬಾಟಲಿಯ ಆಂಬರ್ ಮೆಚ್ಚಿದವರಿಗೆ ಇನ್ನೊಂದರ ಆಂಬರ್ ಸ್ವಲ್ಪವೂ ಹಿಡಿಸದೆ ಇರಬಹುದು.

ಇನ್ನೂ ದೊಡ್ಡ ತೊಂದರೆ ಏನೆಂದರೆ ಪಟ್ಟಿಯಲ್ಲಿ ಪ್ರಮಾಣ ಇರುವುದಿಲ್ಲ. 1992ರಲ್ಲಿ ಬಂದ ಮ್ಯೂಗ್ಲರ್‌ನ ಏಂಜೆಲ್ ಪಟ್ಟಿ ಓದಿ ನೋಡಿ: ಕ್ಯಾರಮೆಲ್, ಚಾಕೊಲೇಟ್, ಜೇನು. ಮಿಠಾಯಿ ಥರ ಇರುತ್ತೆ ಅಂದುಕೊಂಡು ತರಿಸಿದವರಿಗೆ ಮೊದಲು ಮೂಗಿಗೆ ಹೊಡೆಯುವುದು ಪಚೋಲಿ. ಒದ್ದೆ ಮಣ್ಣು, ಹಳೇ ಮರದ ಪೆಟ್ಟಿಗೆ ನೆನಪಿಸುವ ಆ ಎಲೆಯ ಘಾಟು, ಜೊತೆಗೆ ಈಥೈಲ್ ಮಾಲ್ಟಾಲ್ ಅನ್ನೋ ರಾಸಾಯನಿಕ ಕೊಡುವ ಸುಟ್ಟ ಸಕ್ಕರೆ ಸಿಹಿ. ಈ ಎರಡರ ಗುದ್ದಾಟವೇ ಆ ಪರ್ಫ್ಯೂಮ್. ನನಗೆ ಅದು ತುಂಬಾ ಇಷ್ಟ. ಆದರೆ ಇಷ್ಟವಾಗಿದ್ದು ಪಟ್ಟಿ ಓದಿ ಅಲ್ಲ, ಪಚೋಲಿ ನನಗೆ ಮೊದಲೇ ಇಷ್ಟವಿತ್ತು ಅನ್ನೋ ಕಾರಣಕ್ಕೆ.

ಹಾಗಾದರೆ ಏನು ನೋಡಿ ಕೊಳ್ಳಬೇಕು? ನನ್ನ ಮಟ್ಟಿಗೆ ಎರಡೇ ವಿಷಯ. ನಿಮ್ಮ ಮೂಗಿಗೆ ಈಗಾಗಲೇ ಗೊತ್ತಿರುವ ವಸ್ತು ಯಾವುದು, ಮತ್ತು ಪರ್ಫ್ಯೂಮ್ ಮಾಡಿದವರು ಯಾರು. 2006ರಲ್ಲಿ ಬಂದ ಮಾಲಿಕ್ಯೂಲ್ 01 ಅನ್ನೋದರಲ್ಲಿ ಐಸೊ ಇ ಸೂಪರ್ ಅನ್ನೋ ಒಂದೇ ಒಂದು ವಾಸನಾ ವಸ್ತು ಇದೆ. ನಯವಾದ, ಒಣ ಮರದ ಥರದ ಘಮ. ಅದನ್ನು ಹಾಕಿಕೊಂಡು ಓಡಾಡಿದ ಮೇಲೆ ಆ ವಸ್ತು ಹೇಗಿರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತಾಯಿತು. ಅದೇ ವಸ್ತು ಧಾರಾಳವಾಗಿರುವ ಟೆರ್ ಡಿ ಹರ್ಮೆಸ್ ಅನ್ನು ಆ ಧೈರ್ಯದಲ್ಲಿ ಮೂಸದೆ ತರಿಸಿದೆ. ಕಿತ್ತಳೆ ಸಿಪ್ಪೆ, ಮೆಣಸು, ಲಾವಂಚ, ಅಡಿಯಲ್ಲಿ ಆ ನಯವಾದ ಮರ. ಇವತ್ತಿಗೂ ನಾನು ಅತಿ ಹೆಚ್ಚು ಬಳಸುವುದು ಅದನ್ನೇ. ಅದನ್ನು ಮಾಡಿದವರು ಜಾನ್ ಕ್ಲೋಡ್ ಎಲೆನಾ. ಅವರ ಕೈ ಹಗುರ, ಸಿಹಿ ತುಂಬುವುದಿಲ್ಲ, ಒಂದೊಂದು ವಾಸನೆಯೂ ಬಿಡಿಬಿಡಿಯಾಗಿ ಗೊತ್ತಾಗುತ್ತದೆ. ಹಾಗಾಗಿ ಅವರೇ 1998ರಲ್ಲಿ ಕಾರ್ಟಿಯೇಗೆ ಮಾಡಿದ ಡಿಕ್ಲರೇಷನ್ ಕೂಡ ಮೂಸದೆ ಬಂತು. ಏಲಕ್ಕಿ ಅದರ ಜೀವ. ಜೀರಿಗೆಯೂ ಇದೆ, ಮೈ ಬಿಸಿಗೆ ಕೆಲವರಿಗೆ ಅದು ಬೆವರಿನಂತೆ ಅನ್ನಿಸುತ್ತದೆ, ಇದನ್ನು ತಿಳಿದೇ ತರಿಸಿ. ನನಗೆ ಹಿತವಾಗಿಯೇ ಇದೆ.

ಬೇರೆಯವರ ವಿಮರ್ಶೆ ಓದುವುದೂ ಒಂದು ಕೆಲಸವೇ. "ಸೂಪರ್, ಎಲ್ಲರೂ ಕೇಳ್ತಾರೆ" ಅನ್ನೋದರಿಂದ ಏನೂ ತಿಳಿಯುವುದಿಲ್ಲ. ಇಷ್ಟಪಡದವರು ಏನು ಬರೆದಿದ್ದಾರೆ ನೋಡಿ. "ಸೋಪಿನ ಥರ ಇದೆ", "ಔಷಧಿ ಥರ", "ತಲೆ ಸುತ್ತುವಷ್ಟು ಸಿಹಿ" ಅಂತ ಬೈದಿರುತ್ತಾರಲ್ಲ, ಅಲ್ಲಿ ನಿಜವಾದ ಮಾಹಿತಿ ಇರುತ್ತದೆ, ಯಾಕೆಂದರೆ ಸೋಪಿನ ಥರ ಇರುವುದು ನಿಮಗೆ ಬೇಕಾಗಿದ್ದೇ ಆಗಿರಬಹುದು. ಹಾಕಿಕೊಂಡು ನಾಲ್ಕು ಗಂಟೆ ಆದಮೇಲೆ ಹೇಗಿತ್ತು ಅಂತ ಬರೆದವರ ಮಾತಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ನಿಂಬೆ, ಕಿತ್ತಳೆ ಥರದವು ಬೇಗ ಆರಿಹೋಗುತ್ತವೆ, ಉಳಿದ ದಿನವೆಲ್ಲ ನಾವು ಬದುಕುವುದು ತಳದ ವಾಸನೆಯ ಜೊತೆ.

ವಿಮರ್ಶೆಯ ದಿನಾಂಕವನ್ನೂ ನೋಡಬೇಕು. ಇದನ್ನು ಯಾರೂ ಹೇಳುವುದಿಲ್ಲ. ಲಿಲಿಯಲ್ ಅನ್ನೋ ಹೂವಿನ ಘಮದ ವಸ್ತುವನ್ನು ಯುರೋಪಿಯನ್ ಒಕ್ಕೂಟ 2022ರ ಮಾರ್ಚ್‌ನಿಂದ ನಿಷೇಧಿಸಿತು. ಓಕ್‌ಮಾಸ್ ಅನ್ನೋ ಪಾಚಿಯಂಥ ವಸ್ತುವಿನ ಬಳಕೆಯೂ ಚರ್ಮದ ಅಲರ್ಜಿ ಕಾರಣಕ್ಕೆ ಹಿಂದಿಗಿಂತ ತುಂಬಾ ಕಡಿಮೆ ಆಗಿದೆ. ಹೆಸರು ಅದೇ, ಪೆಟ್ಟಿಗೆಯೂ ಅದೇ, ಒಳಗಿನ ಮಿಶ್ರಣ ಬದಲಾಗಿರುತ್ತದೆ. ಹಳೇ ಬಾಟಲಿ ಬಗ್ಗೆ ಬರೆದ ಹೊಗಳಿಕೆ ಓದಿ ಹೊಸದು ತರಿಸಿದರೆ ಎರಡಕ್ಕೂ ತಾಳೆ ಆಗುವುದಿಲ್ಲ.

ಹೆಸರಿನ ಪಕ್ಕದ ಸಣ್ಣ ಅಕ್ಷರಗಳೂ ಹಾಗೇ, ಓ ಡಿ ಟಾಯ್ಲೆಟ್, ಓ ಡಿ ಪರ್ಫ್ಯೂಮ್ ಅಂತ ಎಷ್ಟು ಗಟ್ಟಿ ಅನ್ನೋದನ್ನು ಹೇಳುವವು. ಡಿಯೋರ್‌ನ ಸುವಾಜ್ 2015ರಲ್ಲಿ ಓ ಡಿ ಟಾಯ್ಲೆಟ್ ಆಗಿ ಬಂತು, 2018ರಲ್ಲಿ ಓ ಡಿ ಪರ್ಫ್ಯೂಮ್, 2019ರಲ್ಲಿ ಬರೀ "ಪರ್ಫ್ಯೂಮ್" ಅನ್ನೋ ಹೆಸರಲ್ಲಿ, 2021ರಲ್ಲಿ ಎಲಿಕ್ಸಿರ್. ಒಂದನ್ನೇ ಗಟ್ಟಿ ಮಾಡುತ್ತಾ ಹೋಗಿದ್ದಾರೆ ಅಂದುಕೊಳ್ಳಬೇಡಿ, ವಾಸನೆಯೇ ಬೇರೆ ಬೇರೆ. ಗೆಳೆಯರ ಮೈಮೇಲೆ ಮೂಸಿದ್ದು ಯಾವುದು ಅಂತ ಕೇಳಿ ಖಾತ್ರಿ ಮಾಡಿಕೊಳ್ಳಿ.

ಅಳತೆ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಹಟಮಾರಿ. ಒಂದು ಸ್ಪ್ರೇಗೆ ಸುಮಾರು 0.1 ಮಿಲಿ ಖರ್ಚಾಗುತ್ತದೆ. ಅಂದರೆ 2 ಮಿಲಿ ಸ್ಯಾಂಪಲ್‌ನಲ್ಲಿ ಹತ್ತಿರ ಹತ್ತಿರ 20 ಸ್ಪ್ರೇ, 10 ಮಿಲಿಯಲ್ಲಿ 100, ದೊಡ್ಡ 100 ಮಿಲಿ ಬಾಟಲಿಯಲ್ಲಿ 1000. ಮೂರ್ನಾಲ್ಕು ಪರ್ಫ್ಯೂಮ್ ಬದಲಿಸಿ ಬದಲಿಸಿ ಹಾಕುವವರಿಗೆ ದೊಡ್ಡ ಬಾಟಲಿ ವರ್ಷಗಟ್ಟಲೆ ಮುಗಿಯುವುದಿಲ್ಲ. ಮಿಲಿ ಲೆಕ್ಕದಲ್ಲಿ ದೊಡ್ಡದು ಅಗ್ಗ ನಿಜ, ಆದರೆ ಬಳಸದೆ ಉಳಿದಿದ್ದು ಎಷ್ಟೇ ಅಗ್ಗವಾದರೂ ದಂಡವೇ ಅಲ್ವಾ? ಮೂಸದೆ ತರಿಸುವುದಾದರೆ 10 ಮಿಲಿ ಸರಿಯಾದ ಅಳತೆ. 2 ಮಿಲಿ ನಿರ್ಧಾರಕ್ಕೆ ಸಾಕಾಗುತ್ತದೆ, ಆದರೆ ಬಿಸಿಲಲ್ಲೂ ಚಳಿಯಲ್ಲೂ ಹಾಕಿ ನೋಡುವಷ್ಟು ಉಳಿಯುವುದಿಲ್ಲ, ಮತ್ತು ಒಂದೇ ಪರ್ಫ್ಯೂಮ್ ಆ ಎರಡು ಹವೆಯಲ್ಲಿ ಬೇರೆಯದೇ ಥರ ನಡೆದುಕೊಳ್ಳುತ್ತದೆ.

"ಹತ್ತು ನಿಮಿಷಕ್ಕೆ ವಾಸನೆ ಹೋಯ್ತು, ನಕಲಿ ಮಾಲು" ಅಂತ ದೂರುವವರಿಗೆ ಒಂದು ಮಾತು. ಬಾಟಲಿ ಮೇಲೆ ಅನುಮಾನ ಪಡುವ ಮೊದಲು ಪಕ್ಕದವರನ್ನು ಕೇಳಿ. ಸತತವಾಗಿ ಬರುವ ವಾಸನೆಯನ್ನು ಮೂಗು ಲೆಕ್ಕಕ್ಕೆ ತಗೊಳ್ಳುವುದು ಬಿಟ್ಟುಬಿಡುತ್ತದೆ. ಅದರ ಮೇಲೆ ಕೆಲವು ಮಸ್ಕ್‌ಗಳು (ಕಸ್ತೂರಿ ಥರದ ವಾಸನಾ ವಸ್ತುಗಳು), ಐಸೊ ಇ ಸೂಪರ್ ಇಂಥವು ಕೆಲವರಿಗೆ ತೀರಾ ಮಂದ, ಕೆಲವರಿಗೆ ಗೊತ್ತಾಗುವುದೇ ಇಲ್ಲ. ನೇರಳೆ ಹೂವಿನ ಘಮ ಕೊಡುವ ಬೀಟಾ ಅಯೊನೋನ್ ಒಬ್ಬೊಬ್ಬರಿಗೆ ಒಂದೊಂದು ಥರ ಅನ್ನಿಸುವುದಕ್ಕೆ ಓಆರ್5ಎ1 ಅನ್ನೋ ಜೀನ್ ಮುಖ್ಯ ಕಾರಣ. ಹುಟ್ಟಿನಿಂದಲೇ ಮೂಗುಗಳು ಬೇರೆ. ಬೇರೆಯವರ ಮೂಗನ್ನು ನಂಬುವುದಕ್ಕೆ ಇರುವ ಮಿತಿ ಇದು.

ಇಷ್ಟು ದಿನದ ಬಳಕೆಯಲ್ಲಿ ನಾನು ಮೂಸದೆ ತರಿಸಲು ಹಿಂದೆಮುಂದೆ ನೋಡದ ಜಾತಿ ಅಂದರೆ ಹುಳಿ ಹಣ್ಣಿನವು, ಲಾವಂಚ, ಒಣ ಮರ, ಮತ್ತೆ 1988ರ ಡೇವಿಡಾಫ್ ಕೂಲ್ ವಾಟರ್ ಥರದ ತಾಜಾ ವಾಸನೆಗಳು. ಆ ತಾಜಾತನ ತರುವ ಡೈಹೈಡ್ರೊಮಿರ್ಸಿನಾಲ್ ಸೋಪು, ಬಟ್ಟೆ ಒಗೆಯುವ ಪುಡಿಗಳಲ್ಲೂ ಇರುತ್ತದೆ, ನಿಮ್ಮ ಮೂಗಿಗೆ ಅದರ ಪರಿಚಯ ಆಗಲೇ ಆಗಿದೆ. ಸುಗಂಧರಾಜ, ಊದ್ (ಅಗರು ಮರದ ವಾಸನೆ), ಲೆದರ್, ಪ್ರಾಣಿ ವಾಸನೆಯ ಮಸ್ಕ್ ಇವುಗಳನ್ನು ಮಾತ್ರ ಎಷ್ಟೇ ಒಳ್ಳೇ ವಿಮರ್ಶೆ ಓದಿದರೂ ಸ್ಯಾಂಪಲ್ ಇಲ್ಲದೆ ತರಿಸುವುದಿಲ್ಲ. ಇವು ಮೈಮೇಲೆ ಹೇಗೆ ತಿರುಗುತ್ತವೆ ಅಂತ ಓದಿ ಊಹಿಸಲು ಆಗುವುದಿಲ್ಲ.

ಬಂದ ಬಾಟಲಿಯನ್ನು ಕಿಟಕಿ ಹತ್ತಿರ, ಬಚ್ಚಲುಮನೆಯಲ್ಲಿ ಇಡಬೇಡಿ. ಬೆಳಕು, ಬಿಸಿ ಎರಡೂ ಅದಕ್ಕೆ ಆಗಿಬರುವುದಿಲ್ಲ, ಮೊದಲು ಕೆಡುವುದು ಆ ನಿಂಬೆ ಕಿತ್ತಳೆಯ ಭಾಗವೇ. ನನ್ನವೆಲ್ಲ ಅದರದರ ಪೆಟ್ಟಿಗೆಯೊಳಗೇ ಕಪಾಟಿನಲ್ಲಿವೆ. ಹಿಡಿಸದೆ ಹೋದದ್ದನ್ನೂ ಒಂದು ಋತು ದಾಟುವವರೆಗೆ ಇಟ್ಟು, ಮತ್ತೆ ಹಾಕಿ ನೋಡಿ, ಆಮೇಲೆ ಯಾರಿಗಾದರೂ ಕೊಡುತ್ತೇನೆ.