ಟೆಲಿಸ್ಕೋಪೋ ಬೈನಾಕ್ಯುಲರೋ: ಕೊಪ್ಪಳದ ಆಕಾಶಕ್ಕ ಯಾವ್ದು ಚೊಲೊ

ಚುಕ್ಕಿ ನೋಡೋ ಹುಚ್ಚು ಹತ್ತಿದ ಹುಡುಗ್ರು ಮೊದಲ ಕೇಳೋದು "ಅಣ್ಣಾ ಯಾವ ಟೆಲಿಸ್ಕೋಪ್ ತಗೊಳ್ಳಲಿ" ಅಂತ, ನಾ "ಬೈನಾಕ್ಯುಲರ್ ತಗೋ" ಅಂದ ಕೂಡ್ಲೆ ಮಾರಿ ಸಣ್ಣದು ಮಾಡ್ಕೊತಾರ. ಅವರ ತಪ್ಪಿಲ್ಲ ಬಿಡ್ರಿ, ಟೆಲಿಸ್ಕೋಪ್ ಅನ್ನೋ ಹೆಸರಿಗೇ ಒಂದು ತೂಕ ಐತಿ. ಆದ್ರ ನಾ ಎರಡೂ ಭಾಳ ರಾತ್ರಿ ನಮ್ ಕೊಪ್ಪಳ ಸೀಮ್ಯಾಗ ಇಟ್ಟು ನೋಡೀನಿ, ಮಾಳಗಿ ಮ್ಯಾಲ, ಹೊಲದಾಗ, ಆನೆಗೊಂದಿ ಕಡೆ, ತುಂಗಭದ್ರಾ ಹಿನ್ನೀರಿನ ದಂಡಿಗೆ, ನೋಡಿ ನಂಗ ಅನಿಸಿದ್ದು ಏನಂದ್ರ ಯಾವ್ದು ಚೊಲೊ ಅನ್ನೋದನ್ನ ಡಬ್ಬಿ ಮ್ಯಾಲಿನ ನಂಬರ್ ಹೇಳಂಗಿಲ್ಲ, ನಾವ್ ನಿಂತ ನೆಲಾನ ಹೇಳ್ತೈತಿ.

ನಂದು 10×50 ಬೈನಾಕ್ಯುಲರ್, ಅಂದ್ರ 10 ಪಟ್ಟು ದೊಡ್ಡದು ಮಾಡಿ ತೋರಿಸ್ತೈತಿ, ಮುಂದಿನ ಗಾಜು 50 ಎಂಎಂ ಅಗಲ. ಎರಡನೇದು ನಮ್ಮೂರ ಸಾಲಿದು, 70 ಎಂಎಂ ಲೆನ್ಸಿನ ಟೆಲಿಸ್ಕೋಪ್, 700 ಎಂಎಂ ಫೋಕಲ್ ಲೆಂತ್ (ಲೆನ್ಸಿನಿಂದ ಬೆಳಕು ಒಂದಕಡೆ ಕೂಡೋ ಜಾಗದ ತನಕ ಇರೋ ದೂರ), ಸೈನ್ಸ್ ಸರ್ ರಜಾದಾಗ ಒಯ್ಯಾಕ ಕೊಡ್ತಾರ, ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಕಡಿಮಿ. ಮೂರನೇದು ಗಂಗಾವತಿ ದೋಸ್ತಂದು, ಲೆನ್ಸಿನ ಬದಲಿ 130 ಎಂಎಂ ಕನ್ನಡಿ ಇರೋ ಟೆಲಿಸ್ಕೋಪ್. ಬೆಳಕಿನ ಲೆಕ್ಕ ಹಿಡದ್ರ ಬೈನಾಕ್ಯುಲರ್ ಸೋತಂಗ, ಯಾಕಂದ್ರ ಕತ್ತಲದಾಗ ವಯಸ್ಸಿನ ಹುಡುಗರ ಕಣ್ಣಿನ ಪಾಪಿ ಸುಮಾರು 7 ಎಂಎಂ ತೆರಕೊಳ್ತೈತಿ, ಅದಕ್ಕ ಹೋಲಿಸಿದ್ರ 50 ಎಂಎಂ ಗಾಜು ಸುಮಾರು 50 ಪಟ್ಟು ಬೆಳಕು ಹಿಡಿತೈತಿ, 70 ಎಂಎಂ 100 ಪಟ್ಟು, 130 ಎಂಎಂ ಅಂತೂ 340 ಪಟ್ಟಿನ ಆಸುಪಾಸು. ಆದ್ರ ಬೆಳಕಿನ ಜೊತಿ ಜಾಗನೂ ನೋಡ್ಬೇಕಲ್ರಿ. ಬೈನಾಕ್ಯುಲರ್‌ದಾಗ ಒಮ್ಮೆಗೆ ಆರು ಡಿಗ್ರಿಗಿಂತ ಜಾಸ್ತಿ ಆಕಾಶ ಕಾಣ್ತೈತಿ, ಅಂದ್ರ ಹನ್ನೆರಡು ಹುಣ್ಣಿವಿ ಚಂದ್ರನ್ನ ಸಾಲಾಗಿ ಇಟ್ಟಷ್ಟು ಅಗಲ. ಸಾಲಿ ಟೆಲಿಸ್ಕೋಪಿನಾಗ 28 ಪಟ್ಟು ದೊಡ್ಡದು ಕಾಣಂಗ ಇಟ್ರನೂ ಎರಡು ಡಿಗ್ರಿ ದಾಟಂಗಿಲ್ಲ.

ಕೃತ್ತಿಕೆ ತಗೊಳ್ರಿ. ಡಿಸೆಂಬರ್ ರಾತ್ರಿ ಒಂಬತ್ತಕ್ಕ ನೆತ್ತಿ ಹತ್ರ ಬಂದಿರ್ತೈತಿ, ಬರಿಗಣ್ಣಿಗೆ ಆರು ಚುಕ್ಕಿ, ಕಣ್ಣು ಚೊಲೊ ಇದ್ದವ್ರಿಗೆ ಏಳು. ಹೊರಸಿನ ಮ್ಯಾಲ ಅಂಗಾತ ಮಲಕೊಂಡು ಬೈನಾಕ್ಯುಲರ್ ಹಿಡದ್ರ ಅಲ್ಲಿ ಹತ್ತಾರು ನೀಲಿ ಚುಕ್ಕಿ, ಸುತ್ತ ಕರಿ ಆಕಾಶನೂ ಉಳಿತೈತಿ, ಆ ಕರಿ ಅಂಚು ಇದ್ದಾಗನ ಅದು ಒಂದು ಗುಂಪು ಅಂತ ತಿಳಿಯೋದು. 130 ಎಂಎಂದಾಗ ಅದನ್ನ ನೋಡಿದ್ರ ಒಳಗ ನುಗ್ಗಿಬಿಡ್ತೀರಿ, ಚುಕ್ಕಿ ಜಾಸ್ತಿ ಕಾಣ್ತಾವ, ಆದ್ರ ಗುಂಪು ಕಳದು ಹೋಗ್ತೈತಿ. ಕೃತ್ತಿಕೆ ನಮಗ ಸುಮಾರು 440 ಜ್ಯೋತಿರ್ವರ್ಷ ದೂರ, ಅಂದ್ರ ಈಗ ಕಣ್ಣಿಗೆ ಬೀಳೋ ಬೆಳಕು 1565ರಾಗ ತಾಳಿಕೋಟಿ ಯುದ್ಧ ಆಗಿ ಹಂಪಿ ಹಾಳಾದ ಮ್ಯಾಲ ಒಂದಿಪ್ಪತ್ತು ವರ್ಷಕ್ಕ ಅಲ್ಲಿಂದ ಹೊಂಟಿದ್ದು. ಇನ್ನೊಂದು ಮಾತು, ಕೃತ್ತಿಕೆ ಚುಕ್ಕಿಗಳ ವಯಸ್ಸು 10 ಕೋಟಿ ವರ್ಷದ ಸುಮಾರು, ಆನೆಗೊಂದಿ ಹಂಪಿ ಕಡೆ ಗ್ರಾನೈಟ್ ಬಂಡೆ 250 ಕೋಟಿ ವರ್ಷದ್ದು. ನಾವ್ ಬೆನ್ನು ಕೊಟ್ಟು ಮಲಗಿದ ಬಂಡೆ ಮ್ಯಾಲಿರೋ ಚುಕ್ಕಿಗಿಂತ ಹಿರೇದು. ಇದು ಗೊತ್ತಾದ ದಿನ ನಂಗ ನಿದ್ದಿನ ಬರಲಿಲ್ಲ, ನಿಜ ಹೇಳ್ತೀನಿ.

ಅದೇ ಬಂಡೆ ಟೆಲಿಸ್ಕೋಪಿಗೆ ವೈರಿ, ಇದನ್ನ ಬೆಂಗಳೂರಿನ ಯೂಟ್ಯೂಬ್ ರಿವ್ಯೂದಾಗ ಯಾರೂ ಹೇಳಂಗಿಲ್ಲ. ಏಪ್ರಿಲ್ ಮೇದಾಗ ನಮ್ ಕಡೆ ಬಿಸಲು 40 ದಾಟ್ತೈತಿ, ಬಂಡೆ ಹಗಲೆಲ್ಲಾ ಕಾದು ರಾತ್ರಿ ಹತ್ತು ಹನ್ನೊಂದರ ತನಕ ಆ ಶಾಖ ಬಿಡ್ತಾನ ಇರ್ತಾವ, ಬಿಸಿ ಗಾಳಿ ಮ್ಯಾಲ ಏರಿದಂಗೆಲ್ಲಾ ಟೆಲಿಸ್ಕೋಪಿನಾಗ ಗುರು ಗ್ರಹ ಕುದಿಯೋ ನೀರಿನ ತಳದಾಗ ಇಟ್ಟ ರೂಪಾಯಿ ಆಗ್ತೈತಿ, ಅಲುಗಾಡ್ತೈತಿ, ಅಂಚು ಕರಗ್ತೈತಿ, ಮೈಮ್ಯಾಲಿನ ಪಟ್ಟಿ ಒಂದು ಗಳಿಗಿ ಕಂಡು ಮತ್ತ ಹೋಗ್ತೈತಿ. 130 ಪಟ್ಟು ಏರಿಸಿದ್ರ ಆ ಅಲುಗಾಟನೂ 130 ಪಟ್ಟು ಏರಿದಂಗ. ಬೈನಾಕ್ಯುಲರಿನ 10 ಪಟ್ಟಿಗೆ ಇದು ಗೊತ್ತಾಗಂಗೇ ಇಲ್ಲ. ಹಂಗಾಗಿ ಟೆಲಿಸ್ಕೋಪ್ ಇದ್ದವ್ರು ಬಂಡೆ, ಕಾಂಕ್ರೀಟ್ ಮಾಳಗಿ ಬಿಟ್ಟು ಬಯಲು ಹೊಲಕ್ಕ ಬರ್ರಿ, ಇಲ್ಲಾಂದ್ರ ಬೆಳಗಿನ ಜಾವ ಮೂರರ ಮ್ಯಾಲ ಏಳ್ರಿ, ಗಾಳಿ ತಣ್ಣಗಾಗಿರ್ತೈತಿ, ಅದೇ ಟೆಲಿಸ್ಕೋಪ್ ಬ್ಯಾರೇನ ಕಾಣಸ್ತೈತಿ. ಮತ್ತ ಆನೆಗೊಂದಿ ಸಣಾಪುರ ಗುಡ್ಡದ ಮ್ಯಾಲ ರಾತ್ರಿ ಕುಂದ್ರೋದು ಬ್ಯಾಡ, ಕರಡಿ ಚಿರತೆ ಓಡಾಡೋ ಜಾಗ ಅದು, ಊರ ಹತ್ರದ ಹೊಲಾನ ಸಾಕು.

ನಮ್ ಕಡೆಯವ್ರಿಗೆ ಇರೋ ಖರೇ ಆಸ್ತಿ ಅಂದ್ರ ದಕ್ಷಿಣದ ಆಕಾಶ. ನಾವ್ ಇರೋದು 15 ಡಿಗ್ರಿ ಅಕ್ಷಾಂಶದಾಗ, ಲಂಡನ್‌ದವ್ರಿಗೆ ಜನ್ಮದಾಗ ಕಾಣದ ಚುಕ್ಕಿ ನಮಗ ಮನಿ ಮುಂದ ಕಾಣ್ತಾವ. ಇದಕ್ಕ ನಾ ಹೋಗೋದು ಹಿನ್ನೀರಿಗೆ, ಕೊಪ್ಪಳ ಕಡೆ ದಂಡಿಗೆ ನಿಂತು ದಕ್ಷಿಣಕ್ಕ ಮಾರಿ ಮಾಡಿದ್ರ ಮುಂದ ಬರೇ ನೀರು, ಬ್ಯಾಸಗ್ಯಾಗ ನೀರು ಇಳದಾಗ ಬಯಲು ಮಣ್ಣು, ಗುಡ್ಡ ಅಡ್ಡ ಬರಂಗಿಲ್ಲ. ಪೂರ್ವಕ್ಕ ಹೊಸಪೇಟೆ ತೋರಣಗಲ್ಲಿನ ಬೆಳಕು ಆಕಾಶದ ತಳಾನ ಕೆಂಪಗ ಬೆಳ್ಳಗ ಮಾಡಿರ್ತೈತಿ, ದಕ್ಷಿಣ ಮಾತ್ರ ಇನ್ನೂ ಕರ್ರಗ ಉಳದೈತಿ. ಮೇ ತಿಂಗಳ ನಡುವ ರಾತ್ರಿ ಹತ್ತರ ಸುಮಾರಿಗೆ ಚಿತ್ತಾ ನಕ್ಷತ್ರ ಹಿಡಕೊಳ್ರಿ, ಅಲ್ಲಿಂದ ನೆಟ್ಟಗ ಕೆಳಗ ದಕ್ಷಿಣಕ್ಕ ಮೂರೂವರಿ ಮುಷ್ಟಿ ಇಳೀರಿ (ಕೈ ಚಾಚಿ ಹಿಡದ ಮುಷ್ಟಿ ಸುಮಾರು 10 ಡಿಗ್ರಿ), ಅಲ್ಲಿ ಮಸುಕಾದ ಒಂದು ಚುಕ್ಕಿ ಕಾಣ್ತೈತಿ, ಚುಕ್ಕಿ ಅನಿಸಿದ್ರೂ ಚುಕ್ಕಿ ಅಲ್ಲ, ಅದು ಒಮೆಗಾ ಸೆಂಟಾರಿ, ಸುಮಾರು ಒಂದು ಕೋಟಿ ನಕ್ಷತ್ರದ ಗುಂಪು, 17,000 ಜ್ಯೋತಿರ್ವರ್ಷ ದೂರ. ದಿಗಂತದಿಂದ 27 ಡಿಗ್ರಿ ಎತ್ತರಕ್ಕ ಬರ್ತೈತಿ ನಮಗ, ದಿಲ್ಲಿಯವ್ರಿಗೆ ಅದರ ಅರ್ಧ.

ಇಲ್ಲಿ ನಾ ಮೂರನ್ನೂ ಪಕ್ಕಪಕ್ಕದಾಗ ಇಟ್ಟು ನೋಡೀನಿ. ಬೈನಾಕ್ಯುಲರ್‌ದಾಗ ಅದು ದುಂಡನ ಬೆಳ್ಳನ ಮಂಜು, ನಡುವ ದಟ್ಟ, ಅಂಚಿಗೆ ಹೋದಂಗ ತೆಳುವು, ಹುಡುಕಾಕ ಅರ್ಧ ನಿಮಿಷ ಬೇಕಾಗಿಲ್ಲ. ಸಾಲಿಯ 70 ಎಂಎಂದಾಗ ಮಂಜು ದೊಡ್ಡದಾತು, ಒಡೀಲಿಲ್ಲ. 130 ಎಂಎಂದಾಗ 65 ಪಟ್ಟು ಇಟ್ಟು ಕಣ್ಣಿಗೆ ಒಂದೆರಡು ನಿಮಿಷ ಸಮಾಧಾನ ಕೊಟ್ಟ ಮ್ಯಾಲ ಮಂಜಿನ ಅಂಚು ಒಡದು ಕಾಳು ಕಾಳಾತು, ಆಮ್ಯಾಲ ನಡುವಕ್ಕೂ ಕಾಳು ಬಂತು, ಒಂದೊಂದು ಕಾಳೂ ಒಂದೊಂದು ಸೂರ್ಯ. ನೆಟ್ಟಗ ದಿಟ್ಟಿಸಿದ್ರ ಮಾಯ ಆಗ್ತಾವ, ಸ್ವಲ್ಪ ಪಕ್ಕಕ್ಕ ನೋಟ ಇಟ್ರ ಮತ್ತ ಬರ್ತಾವ, ಯಾಕಂದ್ರ ಮಸುಕು ಬೆಳಕು ಹಿಡಿಯೋ ಜೀವಕೋಶಗಳು ಕಣ್ಣಿನ ನಡುವಿಗಿಂತ ಪಕ್ಕದಾಗ ಜಾಸ್ತಿ. ಈ ಒಂದು ಆಟದಾಗ 130 ಎಂಎಂ ಎದುರಿಗೆ ಯಾವ ಬೈನಾಕ್ಯುಲರೂ ನಿಲ್ಲಂಗಿಲ್ಲ, ಒಪ್ಕೊಂಡೆ. ಒಂದು ತಾಸು ಬಿಟ್ಟು ಅದರ ಕೆಳಗ 14 ಡಿಗ್ರಿ ಎತ್ತರದಾಗ ಆಲ್ಫಾ ಸೆಂಟಾರಿ ಬರ್ತೈತಿ, 4.3 ಜ್ಯೋತಿರ್ವರ್ಷ, ಬೈನಾಕ್ಯುಲರಿಗೆ ಒಂದ ಚುಕ್ಕಿ, ಟೆಲಿಸ್ಕೋಪಿಗೆ ಎರಡು. ತ್ರಿಶಂಕು (ದಕ್ಷಿಣದ ಶಿಲುಬಿ ಆಕಾರದ ಚುಕ್ಕಿಗಳು) ಮಾತ್ರ ಬರಿಗಣ್ಣಿಗೇ ಚೊಲೊ, ಅದಕ್ಕ ಏನೂ ಬ್ಯಾಡ.

ಶನಿ ವಿಷಯದಾಗ ನಂದು ವಾದನ ಇಲ್ಲ. ಬೈನಾಕ್ಯುಲರ್‌ದಾಗ ಶನಿ ಅಂದ್ರ ಹಳದಿ ಚುಕ್ಕಿ ಅಷ್ಟ, ಉಂಗುರ ನೋಡಾಕ ಕಡಿಮಿ ಅಂದ್ರೂ 25, 30 ಪಟ್ಟು ಬೇಕು. ಸಾಲಿ ಟೆಲಿಸ್ಕೋಪಿನಾಗ 35 ಪಟ್ಟಿಗೆ ಸಣ್ಣದಾದ್ರೂ ಖಡಕ್ ಕಾಣ್ತೈತಿ. ನಮ್ಮವ್ವಗ ತೋರಿಸ್ದಾಗ ಆಕಿ ಲೆನ್ಸಿನ ಮುಂದ ಚಿತ್ರ ಅಂಟಿಸಿಯೇನು ಅಂತ ಟೆಲಿಸ್ಕೋಪಿನ ಬಾಯಿಗೆ ಕೈ ಹಾಕಿ ನೋಡಿದ್ಲು, ಆಮ್ಯಾಲ ಸುಮ್ನ ಮತ್ತ ಕಣ್ಣು ಇಟ್ಲು, ಭಾಳ ಹೊತ್ತು ತಗೀಲಿಲ್ಲ. ಶನಿ ಕಾಟ ಅಂತ ಶನಿವಾರ ಎಳ್ಳೆಣ್ಣಿ ಹಾಕೋ ಆಕಿಗೆ ಅದು ಇಷ್ಟು ಚಂದ ಐತಿ ಅಂತ ಗೊತ್ತಾಗಿದ್ದು ಅವತ್ತು. ಒಂದು ತಿಳಕೊಳ್ರಿ, 2025ರ ಮಾರ್ಚ್‌ನಾಗ ಉಂಗುರ ನಮ್ ಕಡೆ ಅಂಚು ಮಾಡಿ ತೆಳ್ಳಗ ಗೆರಿ ಆಗಿತ್ತು, ಹದಿನಾಲ್ಕು ಹದಿನೈದು ವರ್ಷಕ್ಕೊಮ್ಮೆ ಹಂಗ ಆಗ್ತೈತಿ, ಇನ್ನ ಮ್ಯಾಲ ಕೆಲವು ವರ್ಷ ಅಗಲ ಆಗ್ತಾನ ಹೋಗ್ತೈತಿ. ಚಂದ್ರನ ಕುಳಿ ಬೆಟ್ಟಕ್ಕೂ ಟೆಲಿಸ್ಕೋಪೇ, ಆದ್ರ ಹುಣ್ಣಿವಿ ಬಿಟ್ಟು ಅಷ್ಟಮಿ ಆಸುಪಾಸು ನೋಡ್ರಿ, ಬೆಳಕು ಕತ್ತಲ ಕೂಡೋ ಗೆರಿ ಮ್ಯಾಲ ನೆರಳು ಉದ್ದ ಇರ್ತಾವ. ಗುರುವಿನ ನಾಲ್ಕು ಚಂದ್ರ, 1610ರಾಗ ಗೆಲಿಲಿಯೋ ಕಂಡಿದ್ದವು, ಬೈನಾಕ್ಯುಲರಿಗೂ ಸಿಗ್ತಾವ, ಕೈ ನಡುಗಬಾರ್ದು ಅಷ್ಟ, ಟ್ರ್ಯಾಕ್ಟರ್ ಟ್ರಾಲಿ ಅಂಚಿಗೆ ಮೊಣಕೈ ಊರಿದ್ರ ಆತು.

ಹಠಾತ್ ಬರೋ ಅತಿಥಿಗಳಿಗೆ ಬೈನಾಕ್ಯುಲರ್. 2024ರ ಸೆಪ್ಟೆಂಬರ್ ಕೊನಿಗೆ ಬೆಳಗಿನ ಜಾವ ಪೂರ್ವದಾಗ ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಬಂದಿತ್ತಲ್ಲ, ಅದರ ತಲಿ ಬಾಲ ಎರಡೂ ಕೂಡಿ ಕಂಡಿದ್ದು ಇದರಾಗ, ಟೆಲಿಸ್ಕೋಪಿನಾಗ ತಲಿ ಅಷ್ಟ ಸಿಕ್ತು. 2025ರ ಸೆಪ್ಟೆಂಬರ್ 7ರ ಗ್ರಹಣದ ರಾತ್ರಿ ಚಂದ್ರ ಪೂರ್ತಿ ಕೆಂಪಾಗಿದ್ದು 82 ನಿಮಿಷ, ಮೋಡ ಸರದಾಗೊಮ್ಮೆ ತಟಕ್ಕನ ಕಣ್ಣಿಗೆ ಇಟ್ಕೊಂಡು ನೋಡಿದ್ವಿ, ಸ್ಟ್ಯಾಂಡು ತಿರುವಿ ಫೋಕಸ್ ಮಾಡೋ ತನಕ ಮೋಡ ಕಾಯಂಗಿಲ್ಲ.

ಅರುಂಧತಿ ಮಾತ್ರ ಮೂರಕ್ಕೂ ಬ್ಯಾರೆ ಬ್ಯಾರೆ ಕಥಿ ಹೇಳ್ತೈತಿ. ಮದುವ್ಯಾಗ ಹಗಲಿನಾಗ ಆಕಾಶಕ್ಕ ಬೆಟ್ಟು ಮಾಡಿಸ್ತಾರ, ಏನೂ ಕಾಣಂಗಿಲ್ಲ, ಹ್ಞೂಂ ಕಂಡಿತು ಅಂತ ಗೋಣು ಹಾಕ್ತಾರ. ನಮ್ ಕಾಕಾನ ಮಗಳ ಮದುವಿ ಏಪ್ರಿಲ್‌ದಾಗ ಆತು, ರಾತ್ರಿ ಊಟ ಆದ ಮ್ಯಾಲ ಮದುಮಕ್ಕಳನ್ನ ಮಾಳಗಿಗೆ ಕರಕೊಂಡು ಹೋಗಿ ಉತ್ತರದಾಗ ಸಪ್ತರ್ಷಿ ಮಂಡಲ ತೋರಿಸಿದೆ. ಬರಿಗಣ್ಣಿಗೆ ವಸಿಷ್ಠನ ಪಕ್ಕ ಸಣ್ಣ ಚುಕ್ಕಿ, ಬೈನಾಕ್ಯುಲರ್‌ದಾಗ ಇಬ್ರೂ ಅರಾಮ ಬ್ಯಾರೆ ಬ್ಯಾರೆ, ಟೆಲಿಸ್ಕೋಪ್ ಇಟ್ರ ವಸಿಷ್ಠನ ಎರಡಾಗಿ ಒಡದು ಮೂರು ಆಗ್ತಾವ. ಮದುಮಗಳು "ಈ ಮೂರನೇಕಿ ಯಾರಣ್ಣಾ" ಅಂತ ಕೇಳಿ ಎಲ್ಲಾರನ್ನೂ ನಗಿಸಿದ್ಲು.

ಸ್ಟ್ಯಾಂಡ್ ಬಗ್ಗೆ ಹೇಳ್ಲೇಬೇಕು, ಇಲ್ಲೇ ಭಾಳ ಮಂದಿ ಸೋಲೋದು. ದೋಸ್ತನ 130 ಎಂಎಂ ಇಕ್ವಟೋರಿಯಲ್ ಮೌಂಟ್ (ಆಕಾಶ ತಿರುಗಿದಂಗ ಚುಕ್ಕಿ ಬೆನ್ನತ್ತಿ ತಿರುಗೋ ಸ್ಟ್ಯಾಂಡ್) ಮ್ಯಾಲ ಬಂದಿತ್ತು, ಅದರ ಅಚ್ಚನ್ನ ಧ್ರುವ ನಕ್ಷತ್ರಕ್ಕ ಗುರಿ ಇಡಬೇಕು, ನಮ್ ಕಡೆ ಧ್ರುವ ಇರೋದ 15 ಡಿಗ್ರಿ ಎತ್ತರದಾಗ, ಮನಿ ಗಿಡ ಗುಡ್ಡದ ಹಿಂದ ಅಡಗಿರ್ತೈತಿ. ಅಚ್ಚನ್ನ ಅಷ್ಟು ಕೆಳಗ ಬಗ್ಗಿಸಿದ್ರ ತೂಕದ ಗುಂಡಿನ ಸರಳು ಸ್ಟ್ಯಾಂಡಿನ ಕಾಲಿಗೆ ಬಡೀತೈತಿ. ಆ ಮೌಂಟ್ ಯುರೋಪಿನವ್ರ ಆಕಾಶಕ್ಕ ಹೊಂದ್ತೈತಿ, ಅಲ್ಲಿ ಧ್ರುವ ಎತ್ತರಕ್ಕ ಇರ್ತೈತಿ. ನಮಗ ಡಾಬ್ಸೋನಿಯನ್ ಅನ್ನೋ ಸಾದಾ ಸ್ಟ್ಯಾಂಡಿನ ಟೆಲಿಸ್ಕೋಪ್ ಸಾಕು, ಮ್ಯಾಲ ಕೆಳಗ, ಎಡಕ್ಕ ಬಲಕ್ಕ ಕೈಲೆ ತಿರುಗಿಸೋದು, ಬ್ಯಾರೇನೂ ಇಲ್ಲ. ಮತ್ತ ಡಬ್ಬಿ ಮ್ಯಾಲ 525 ಪಟ್ಟು ಅಂತ ಬರದಿದ್ರ ಆ ಡಬ್ಬಿ ಅಲ್ಲೇ ಇಟ್ಟು ಬರ್ರಿ, ಲೆನ್ಸಿನ ಎಂಎಂಗೆ ಎರಡು ಪಟ್ಟು ಅನ್ನೋದು ಮಿತಿ, 70 ಎಂಎಂಗೆ 140, ಅದೂ ಗಾಳಿ ಶಾಂತ ಇದ್ದಾಗ.

ಕಾಲ ನೋಡಿ ತಗೊಳ್ರಿ. ಹಿರ್ಯಾರು ರೋಹಿಣಿ ಮಳಿ, ಮೃಗಶಿರ ಮಳಿ, ಆರಿದ್ರಾ ಮಳಿ ಅಂತಾರಲ್ಲ, ಆಗ ಸೂರ್ಯ ಆ ನಕ್ಷತ್ರದಾಗ ಇರ್ತಾನ, ಅಂದ್ರ ಯಾವ ಚುಕ್ಕಿ ಮಳಿ ಸುರೀತೈತೋ ಆ ಚುಕ್ಕಿ ಆ ದಿನದಾಗ ಕಾಣಂಗಿಲ್ಲ, ಸೂರ್ಯನ ಬೆಳಕಿನಾಗ ಮುಚ್ಚಿರ್ತೈತಿ. ಅವನ್ನ ನೋಡೋದು ಹಿಂಗಾರಿ ಬೆಳಿ ಹೊತ್ತಿನಾಗ, ಡಿಸೆಂಬರ್ ಜನವರಿ. ಆಗ ಗಂಗಾವತಿ ಕಡೆ ಭತ್ತದ ಗದ್ದಿ ಹತ್ರ ಮಂಜು ಬಿದ್ದು ಟೆಲಿಸ್ಕೋಪಿನ ಲೆನ್ಸ್ ಬೆವರ್ತೈತಿ, ಬೈನಾಕ್ಯುಲರ್ ಆದ್ರ ಅಂಗಿ ಒಳಗ ಇಟ್ಕೊಂಡು ಬೆಚ್ಚಗ ಮಾಡಬಹುದು. ಮೊಬೈಲ್ ನೈಟ್ ಮೋಡ್ ಬಗ್ಗೆ ಕೇಳ್ತೀರಿ, ಫೋಟೋಕ್ಕ ಚೊಲೊ, ನೋಡಾಕ ಅಲ್ಲ, ಅದರ ಬೆಳಕು ಒಮ್ಮೆ ಕಣ್ಣಿಗೆ ಬಿದ್ರ ಕತ್ತಲಕ್ಕ ಹೊಂದಾಕ ಮತ್ತ ಇಪ್ಪತ್ತು ಮೂವತ್ತು ನಿಮಿಷ. ಸೂರ್ಯನ್ನ ಮಾತ್ರ ಯಾವುದರಾಗೂ ನೋಡಬ್ಯಾಡ್ರಿ, ಕೈ ಮುಗಿದು ಹೇಳ್ತೀನಿ, ಕಣ್ಣು ಒಂದೇ ಗಳಿಗ್ಯಾಗ ಹೋಗ್ತೈತಿ.

ಹಿಂಗಾಗಿ ನನ್ ಮಾತು ಬದಲಾಗಂಗಿಲ್ಲ, ಒಬ್ರೇ ತಗೊಳ್ಳೋದಿದ್ರ ಮೊದಲ 10×50. ಶನಿ ಹುಚ್ಚು ಇದ್ರ ನಾಲ್ಕು ದೋಸ್ತರು ರೊಕ್ಕ ಕೂಡಿಸಿ 130 ಎಂಎಂ ಡಾಬ್ಸೋನಿಯನ್, ಇಲ್ಲಾ ಊರ ಸಾಲಿಗೆ ಕೊಡಸ್ರಿ, ಎಲ್ಲಾ ಹುಡುಗ್ರೂ ನೋಡ್ತಾವ. 70 ಎಂಎಂಗೆ ಸ್ವಂತ ರೊಕ್ಕ ಹಾಕ್ರಿ ಅಂತ ನಾ ಹೇಳಂಗಿಲ್ಲ. ಬೈನಾಕ್ಯುಲರ್ ಅಂಗಡ್ಯಾಗ ತಗೊಳ್ಳೋ ಮುಂದ ಹೊರಗ ಬಂದು ದೂರದ ಕರೆಂಟ್ ಕಂಬ ನೋಡ್ರಿ, ವೈರು ಒಂದ ಆಗಿ ಕಾಣಬೇಕು, ಎರಡಾಗಿ ಕಂಡ್ರ ಅಥವಾ ಕಣ್ಣು ಎಳದಂಗ ಆದ್ರ ಬ್ಯಾರೆ ಪೀಸ್ ತಗೀರಿ ಅನ್ರಿ. ಜೂಮ್ ಇರೋದು ಬ್ಯಾಡ, ಒಳಗಿನ ಪ್ರಿಸಮ್ ಬಿಎಕೆ-4 ಅನ್ನೋ ಜಾತಿ ಗಾಜಿಂದು ಇದ್ರ ಚೊಲೊ. ಟ್ರೈಪಾಡ್ ಹಚ್ಚಾಕ ಮುಂದ ಒಂದು ತಿರುಪು ಇರ್ತೈತಿ, ಅದೂ ಐತೋ ಇಲ್ಲೋ ನೋಡ್ಕೊಳ್ರಿ.