ಸಕ್ಷನ್ ಮಸಾಜ್‌ನಿಂದ ಸೆಲ್ಯುಲೈಟ್ ಹೋಗುತ್ತಾ? ಕ್ಲಿನಿಕ್ ಯಂತ್ರ, ಮನೆಯ ಕಪ್ ಎರಡನ್ನೂ ಬಹಳ ಕಾಲ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಗಾಳಿಯಿಂದ ಚರ್ಮವನ್ನು ಎಳೆದು ಮಾಡುವ ಈ ಸಕ್ಷನ್ ಮಸಾಜ್ ಮಾಡಿಸಿಕೊಂಡರೆ ಸೆಲ್ಯುಲೈಟ್, ಅಂದರೆ ಚರ್ಮದ ಮೇಲೆ ಕಾಣುವ ಗುಂಡಿಗಳು, ಕಡಿಮೆಯಾದಂತಾಗಿ ತೊಡೆ ನುಣುಪಾಗಿ ಕಾಣುತ್ತದೆ, ಅದು ನಿಜ. ಆದರೆ ಆ ನುಣುಪು ನಿಲ್ಲುವುದಿಲ್ಲ. ಮನೆಯಲ್ಲಿ ಸಿಲಿಕೋನ್ ಕಪ್ ಹಾಕಿಕೊಂಡರೆ ಮಾರನೇ ದಿನದ ಹೊತ್ತಿಗೆ ಮುಗಿಯಿತು. ಕ್ಲಿನಿಕ್‌ನ ದೊಡ್ಡ ಯಂತ್ರದಲ್ಲಿ ಪೂರ್ತಿ ಕೋರ್ಸ್ ಮುಗಿಸಿದರೆ ನನಗೆ ಕೆಲವು ವಾರ ಉಳಿಯಿತು, ಆಮೇಲೆ ಎಲ್ಲವೂ ಮೊದಲಿನಂತೆ. ನಾನು ಎರಡನ್ನೂ ವರ್ಷದ ಮೇಲೆ ಬಳಸಿದ್ದೇನೆ, ಆದ್ದರಿಂದ ಇದು ಎರಡು ದಿನ ನೋಡಿ ಬರೆದ ಮಾತಲ್ಲ.

ನಾನು ದಪ್ಪ ಇಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಸೆಲ್ಯುಲೈಟ್ ಅಂದ ಕೂಡಲೇ ಎಲ್ಲರೂ "ಸ್ವಲ್ಪ ತೂಕ ಇಳಿಸು, ಹೋಗುತ್ತೆ" ಅನ್ನುತ್ತಾರೆ. ನನಗೆ ಕಾಲೇಜಿಗೆ ಹೋಗುವಾಗಲೇ ತೊಡೆಯ ಹಿಂದೆ ಗುಂಡಿಗಳಿದ್ದವು. ಎರಡು ಹೆರಿಗೆ ಆದ ಮೇಲೆ ಸ್ವಲ್ಪ ಜಾಸ್ತಿ ಆದವು, ಅಷ್ಟೇ. ವಯಸ್ಸಿಗೆ ಬಂದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 80ರಿಂದ 90 ಜನಕ್ಕೆ ಇದು ಒಂದಲ್ಲ ಒಂದು ಮಟ್ಟಕ್ಕೆ ಇರುತ್ತದೆ ಅಂತ ಚರ್ಮದ ಡಾಕ್ಟರುಗಳು ಹೇಳುತ್ತಾರೆ. ಅಷ್ಟು ಜನಕ್ಕೆ ಇರುವುದನ್ನು ಕಾಯಿಲೆ ಅನ್ನುವುದೇ ತಪ್ಪು, ಅಲ್ವಾ? ಕಾಯಿಲೆ ಅಲ್ಲವೇ ಅಲ್ಲ. ಆದರೂ ಅದು ಕಾಣಬಾರದು ಅನ್ನಿಸಿದರೆ ಅದರಲ್ಲಿ ನಾಚಿಕೆ ಪಡುವಂಥದ್ದೂ ಏನಿಲ್ಲ. ನನಗೆ ಅನ್ನಿಸಿತು, ಹೋದೆ.

ಸಕ್ಷನ್ ಯಾಕೆ ಪೂರ್ತಿ ಕೆಲಸ ಮಾಡುವುದಿಲ್ಲ ಅಂತ ಅರ್ಥ ಆಗಬೇಕಾದರೆ ಗುಂಡಿ ಯಾಕೆ ಬೀಳುತ್ತದೆ ಅಂತ ತಿಳಿಯಬೇಕು. ನಮ್ಮ ಮನೆಗಳಲ್ಲಿ ಹಳೆಯ ಹತ್ತಿ ಹಾಸಿಗೆ ಇರುತ್ತಿತ್ತಲ್ಲ, ಮಧ್ಯೆ ಮಧ್ಯೆ ದಾರ ಹಾಕಿ ಬಿಗಿದಿರುತ್ತಿದ್ದರು. ದಾರ ಎಳೆದ ಕಡೆ ಗುಂಡಿ, ಸುತ್ತ ಹತ್ತಿ ಉಬ್ಬು. ತೊಡೆಯಲ್ಲಿ ಆಗುವುದೂ ಅದೇ. ಚರ್ಮದಿಂದ ಒಳಗಿನ ಪದರದವರೆಗೆ ನಾರಿನಂಥ ಎಳೆಗಳು ಇರುತ್ತವೆ, ಅವುಗಳ ನಡುವೆ ಕೊಬ್ಬು ತುಂಬಿರುತ್ತದೆ. ಎಳೆ ಚರ್ಮವನ್ನು ಕೆಳಗೆ ಜಗ್ಗುತ್ತದೆ, ಕೊಬ್ಬು ಮೇಲೆ ತಳ್ಳುತ್ತದೆ. ಹೆಂಗಸರಲ್ಲಿ ಈ ಎಳೆಗಳು ಹೆಚ್ಚಾಗಿ ನೇರವಾಗಿ ನಿಂತಿರುತ್ತವೆ. ಗಂಡಸರಲ್ಲಿ ಅಡ್ಡಾದಿಡ್ಡಿ ಹೆಣೆದ ಜಾಲರಿಯಂತೆ ಇರುತ್ತವೆ, ಚರ್ಮವೂ ದಪ್ಪ, ಹಾಗಾಗಿ ಅವರಲ್ಲಿ ಇದು ಅಪರೂಪ. ಈ ವ್ಯತ್ಯಾಸವನ್ನು ನ್ಯೂರ್ನ್‌ಬರ್ಗರ್ ಮತ್ತು ಮ್ಯುಲ್ಲರ್ ಅನ್ನುವ ಸಂಶೋಧಕರು 1978ರಲ್ಲೇ ಬರೆದಿದ್ದಾರೆ. ಅವರು ಆಗಲೇ ಇದನ್ನು ಕಲ್ಪಿಸಿಕೊಂಡ ಕಾಯಿಲೆ ಅಂತ ಕರೆದಿದ್ದರು.

ಈಗ ನೀವೇ ಯೋಚಿಸಿ. ಮೇಲಿನಿಂದ ಎಷ್ಟು ಎಳೆದರೂ, ಎಷ್ಟು ತಟ್ಟಿದರೂ, ಒಳಗಿನ ದಾರ ಬಿಚ್ಚುತ್ತದಾ?

ನಾನು ಮೊದಲು ಹೋಗಿದ್ದು ಬೆಂಗಳೂರಿನ ಒಂದು ಕ್ಲಿನಿಕ್‌ಗೆ. ಹೆಸರು ಬೇಡ. ಅಲ್ಲಿ ಮೈಗೆ ಅಂಟುವ ತೆಳ್ಳನೆಯ ಉಡುಪು ಹಾಕಿಸಿ ಮಲಗಿಸುತ್ತಾರೆ. ಯಂತ್ರದ ತಲೆಯಲ್ಲಿ ಎರಡು ರೋಲರ್, ಮಧ್ಯೆ ಗಾಳಿ ಎಳೆದುಕೊಳ್ಳುವ ಜಾಗ. ಚರ್ಮ ಮಡಿಕೆಯಾಗಿ ಮೇಲೆ ಬರುತ್ತದೆ, ರೋಲರ್ ಅದನ್ನು ಹಿಸುಕುತ್ತಾ ಮುಂದೆ ಹೋಗುತ್ತದೆ. ನೋವಾ ಅಂತ ಕೇಳಿದರೆ, ಇಲ್ಲ. ಒಳತೊಡೆಯಲ್ಲಿ ಮಾತ್ರ ಚುಚ್ಚಿದಂತೆ ಆಗುತ್ತದೆ. ಉಳಿದ ಕಡೆ ಹಿತವಾಗಿಯೇ ಇರುತ್ತದೆ, ನನಗಂತೂ ಅರ್ಧಕ್ಕೇ ನಿದ್ದೆ ಬರುತ್ತಿತ್ತು. ಮುಗಿದ ಮೇಲೆ ಕಾಲು ಹಗುರ, ಚರ್ಮ ಬೆಚ್ಚಗೆ, ಸ್ವಲ್ಪ ಕೆಂಪು. ಕನ್ನಡಿಯಲ್ಲಿ ನೋಡಿದರೆ ಗುಂಡಿಗಳು ನಿಜವಾಗಿ ಕಡಿಮೆ ಕಾಣುತ್ತಿದ್ದವು.

ಈ ವಿಧಾನ ಶುರುವಾಗಿದ್ದು ಸೆಲ್ಯುಲೈಟ್‌ಗಾಗಿ ಅಲ್ಲ. ಫ್ರಾನ್ಸಿನ ಲೂಯಿ ಪಾಲ್ ಗಿಟೇ ಅನ್ನುವ ಎಂಜಿನಿಯರ್ ಅಪಘಾತದಲ್ಲಿ ಗಾಯಗೊಂಡು ಮಸಾಜ್ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದರು. ಕೈಯಿಂದ ಮಾಡುವ ಆ ಮಸಾಜನ್ನೇ ಒಂದೇ ಸಮನಾಗಿ ಮಾಡುವ ಯಂತ್ರವನ್ನು 1986ರಲ್ಲಿ ತಂದರು. ಕಂಪನಿಯ ಹೆಸರು ಎಲ್‌ಪಿಜಿ, ಅದು ಅವರ ಹೆಸರಿನ ಮೊದಲಕ್ಷರಗಳೇ. ವಿಧಾನದ ಹೆಸರು ಎಂಡರ್ಮಾಲಜಿ. ಮೊದಲ ಉದ್ದೇಶ ಗಾಯದ ಕಲೆ ಗಟ್ಟಿಯಾದ ಜಾಗವನ್ನು ಮೆದು ಮಾಡುವುದು. ಮಾಡಿಸಿಕೊಂಡವರ ಚರ್ಮ ನುಣುಪಾಗಿ ಕಾಣುವುದು ಗಮನಕ್ಕೆ ಬಂದ ಮೇಲೆ ಸೌಂದರ್ಯದ ಕಡೆ ತಿರುಗಿತು.

ಅಮೆರಿಕದ ಎಫ್‌ಡಿಎ (ಔಷಧಿ, ವೈದ್ಯಕೀಯ ಉಪಕರಣಗಳನ್ನು ನೋಡಿ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ) 1998ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿದೆ ಅಂತ ಕ್ಲಿನಿಕ್‌ಗಳು ದೊಡ್ಡದಾಗಿ ಹೇಳುತ್ತವೆ. ಕೊಟ್ಟಿದ್ದು ನಿಜ. ಆದರೆ ಯಾವುದಕ್ಕೆ? ಸೆಲ್ಯುಲೈಟ್ ಕಾಣುವುದನ್ನು ತಾತ್ಕಾಲಿಕವಾಗಿ ಕಡಿಮೆ ಮಾಡುವುದಕ್ಕೆ. ಆ "ತಾತ್ಕಾಲಿಕ" ಅನ್ನುವ ಮಾತನ್ನು ನನಗೆ ಯಾರೂ ಹೇಳಲಿಲ್ಲ. ನನಗೆ ಹೇಳಿದ್ದು ಕೊಬ್ಬು ಕರಗುತ್ತೆ, ಟಾಕ್ಸಿನ್ ಹೊರಗೆ ಹೋಗುತ್ತೆ, ಇಂಚು ಇಳಿಯುತ್ತೆ ಅಂತ. ಈ ಮೂರು ಮಾತಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹೊರಗಿನಿಂದ ಗಾಳಿ ಎಳೆದರೆ ಕೊಬ್ಬು ಎಲ್ಲಿಗೆ ಹೋಗಬೇಕು? ಇಂಚು ಟೇಪು ಒಂದು ಸಾರಿ ಸಡಿಲ, ಇನ್ನೊಂದು ಸಾರಿ ಬಿಗಿ ಹಿಡಿದರೆ ತೊಡೆ ಸಣ್ಣದಾಗಿ ಬಿಡುತ್ತದೆ. ಅದರ ಮೇಲೆ ನಿಂತು ನಿಂತು ಕಾಲಲ್ಲಿ ಸೇರಿದ ನೀರು ಮಸಾಜ್‌ನಿಂದ ಸ್ವಲ್ಪ ಸರಿದರೆ ಇನ್ನೂ ಒಂದಿಷ್ಟು ಕಡಿಮೆ ಬರುತ್ತದೆ. ಸಂಜೆ ಹೊತ್ತಿಗೆ ಆ ನೀರು ವಾಪಸ್.

ಮತ್ತೆ ನುಣುಪಾಗಿ ಕಂಡಿದ್ದು ಹೇಗೆ? ಎಳೆದಾಗ ರಕ್ತ ಓಡಾಟ ಜಾಸ್ತಿ ಆಗುತ್ತದೆ, ಚರ್ಮ ಸ್ವಲ್ಪ ಊದಿಕೊಳ್ಳುತ್ತದೆ. ಊದಿದ ಚರ್ಮದಲ್ಲಿ ಸಣ್ಣ ಗುಂಡಿ ಮುಚ್ಚಿಹೋಗುತ್ತದೆ. ಊತ ಇಳಿದರೆ ಗುಂಡಿ ಮತ್ತೆ ಕಾಣುತ್ತದೆ. ಇದರಲ್ಲಿ ಮೋಸ ಇಲ್ಲ, ಶರೀರ ಇರುವುದೇ ಹಾಗೆ. ಅದನ್ನು ಶಾಶ್ವತ ಪರಿಹಾರ ಅಂತ ಮಾರುವುದು ಮೋಸ.

ಇಂಗ್ಲೆಂಡಿನಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ, 1999ರಲ್ಲಿ ಪ್ಲಾಸ್ಟಿಕ್ ಸರ್ಜನ್‌ಗಳ ಪತ್ರಿಕೆಯಲ್ಲಿ ಬಂತು. 52 ಹೆಂಗಸರು, 12 ವಾರ. ಕೆಲವರಿಗೆ ಎಂಡರ್ಮಾಲಜಿ, ಕೆಲವರಿಗೆ ಅಮಿನೋಫಿಲಿನ್ ಅನ್ನುವ ಕ್ರೀಮು, ಕೆಲವರಿಗೆ ಎರಡೂ. ಎಂಡರ್ಮಾಲಜಿ ಮಾಡಿಸಿದ 35 ಕಾಲುಗಳಲ್ಲಿ 10 ಕಾಲು ಮಾತ್ರ ಸುಧಾರಿಸಿತು ಅಂತ ಆ ಹೆಂಗಸರೇ ಹೇಳಿದರು. ಕ್ರೀಮಿನದು 35ಕ್ಕೆ 3. ಎರಡೂ ಸೆಲ್ಯುಲೈಟ್‌ಗೆ ಪರಿಣಾಮಕಾರಿ ಅಲ್ಲ ಅಂತಲೇ ಕೊನೆಗೆ ಬರೆದರು. ಇದು ಹಳೆಯದು, ಆಮೇಲೆ ಸ್ವಲ್ಪ ಒಳ್ಳೆಯ ಫಲಿತಾಂಶ ತೋರಿಸಿದ ಚಿಕ್ಕ ಚಿಕ್ಕ ಅಧ್ಯಯನಗಳೂ ಬಂದಿವೆ, ಆದರೆ ಗುಂಡಿ ಹೋಗಿ ಹಾಗೆಯೇ ಉಳಿಯಿತು ಅನ್ನುವ ಗಟ್ಟಿ ಪುರಾವೆಯನ್ನು ನಾನು ಎಲ್ಲೂ ಓದಲಿಲ್ಲ.

ಕ್ಲಿನಿಕ್‌ನಲ್ಲಿ ಕೋರ್ಸ್ ಮುಗಿದ ಮೇಲೆ "ಮೇಂಟೆನೆನ್ಸ್" ಅಂತ ಶುರುವಾಗುತ್ತದೆ. ತಿಂಗಳಿಗೊಂದು ಸಾರಿ ಬರಬೇಕು. ಎಲ್ಲಿಯವರೆಗೆ ಅಂದೆ. ಬರುತ್ತಾ ಇರಿ ಮೇಡಂ ಅಂದರು. ಅಲ್ಲಿಗೆ ನಿಲ್ಲಿಸಿ ಮನೆಯಲ್ಲಿ ಸಿಲಿಕೋನ್ ಕಪ್ ಶುರು ಮಾಡಿದೆ. ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸೆಟ್ ಸಿಗುತ್ತದೆ.

ಕಪ್ ವಿಷಯದಲ್ಲಿ ನಾನು ಮಾಡಿದ ಒಂದು ಕೆಲಸ ನೀವೂ ಮಾಡಿ ಅಂತ ಕೇಳಿಕೊಳ್ಳುತ್ತೇನೆ. ಒಂದೇ ಕಾಲಿಗೆ ಹಾಕಿ. ನಾನು ಕೆಲವು ತಿಂಗಳು ಬಲಗಾಲಿಗೆ ಮಾತ್ರ ಹಾಕಿದೆ, ಎಡಗಾಲು ಮುಟ್ಟಲಿಲ್ಲ. ಫೋಟೋ ತೆಗೆಯುವಾಗ ಅದೇ ಕೋಣೆ, ಅದೇ ಬೆಳಕು, ಬೆಳಗಿನ ಅದೇ ಹೊತ್ತು, ಕಪ್ ಹಾಕಿ ಕನಿಷ್ಠ ಒಂದು ದಿನ ಆದ ಮೇಲೆ. ಬೆಳಕು ಬಹಳ ಮುಖ್ಯ. ತಲೆಯ ಮೇಲಿನ ಲೈಟ್ ಹಾಕಿದರೆ ಪ್ರತಿ ಗುಂಡಿಗೂ ನೆರಳು ಬೀಳುತ್ತದೆ, ಎದುರಿನಿಂದ ಬೆಳಕು ಬಿಟ್ಟರೆ ಅರ್ಧ ಗುಂಡಿ ಮಾಯ. ಜಾಹೀರಾತಿನ ಮೊದಲು-ನಂತರ ಫೋಟೋಗಳನ್ನು ನೋಡುವಾಗ ಲೈಟ್ ಎಲ್ಲಿದೆ, ನಿಂತ ಭಂಗಿ ಒಂದೇನಾ ಅಂತ ನೋಡಿ, ಬಹಳಷ್ಟು ಅಲ್ಲೇ ಬಯಲಾಗುತ್ತದೆ. ಕೊನೆಗೆ ನನ್ನ ಫೋಟೋಗಳನ್ನು ತಂಗಿಗೆ ಕೊಟ್ಟು ಯಾವ ಕಾಲಿಗೆ ಹಾಕಿದ್ದು ಹೇಳು ಅಂದೆ. ಅವಳಿಗೆ ಗೊತ್ತಾಗಲಿಲ್ಲ. ನನಗೂ ಗುರುತು ಇಟ್ಟುಕೊಳ್ಳದಿದ್ದರೆ ಗೊತ್ತಾಗುತ್ತಿರಲಿಲ್ಲ.

ಇನ್ನೊಂದು ಮಾತು ನಮ್ಮಂಥ ಕಂದು ಮೈಬಣ್ಣದವರಿಗೆ. ಕಪ್ ಜೋರಾಗಿ ಎಳೆದರೆ, ಒಂದೇ ಕಡೆ ಬಿಟ್ಟರೆ, ಚರ್ಮದ ಕೆಳಗಿನ ಸಣ್ಣ ರಕ್ತನಾಳ ಒಡೆದು ಕಂದುತ್ತದೆ. ಆ ನೀಲಿ ಕಲೆ ಒಂದೆರಡು ವಾರದಲ್ಲಿ ಹೋಗಬೇಕು. ಆದರೆ ನಮ್ಮ ಚರ್ಮದಲ್ಲಿ ಪೆಟ್ಟಿನ ನಂತರ ಕಪ್ಪು ಛಾಯೆ ಬಹಳ ದಿನ ಉಳಿದುಬಿಡುವುದು ಸಾಮಾನ್ಯ. ನನಗೆ ಮಂಡಿಯ ಮೇಲ್ಗಡೆ ಒಂದು ಕಲೆ ತಿಂಗಳುಗಟ್ಟಲೆ ಇತ್ತು. ಗುಂಡಿಗಿಂತ ಅದೇ ಎದ್ದು ಕಾಣುತ್ತಿತ್ತು. ಕಂದುವುದು ಒಳ್ಳೇದು, ಕೆಟ್ಟ ರಕ್ತ ಹೊರಗೆ ಬಂತು ಅನ್ನುವ ಮಾತು ಕೇಳಿದ್ದೀರಲ್ಲ, ದಯವಿಟ್ಟು ನಂಬಬೇಡಿ. ಕಂದಿದೆ ಅಂದರೆ ಪೆಟ್ಟಾಗಿದೆ ಅಂತ ಅರ್ಥ.

ಉಬ್ಬಿದ ರಕ್ತನಾಳ ಇರುವವರು, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಬಸುರಿಯರು, ಚರ್ಮದಲ್ಲಿ ಗಾಯ, ಕಜ್ಜಿ ಇರುವವರು ಡಾಕ್ಟರನ್ನು ಕೇಳದೆ ಇದರ ಹತ್ತಿರ ಹೋಗಬೇಡಿ. ನನ್ನನ್ನು ಕ್ಲಿನಿಕ್‌ನಲ್ಲಿ ಇದ್ಯಾವುದನ್ನೂ ಕೇಳಲಿಲ್ಲ, ಕಾರ್ಡ್ ಮೆಷಿನ್ ಮಾತ್ರ ಬೇಗ ಬಂತು.

ಹಾಗಾದರೆ ಸಕ್ಷನ್ ಅನ್ನುವುದೆಲ್ಲ ವ್ಯರ್ಥವಾ ಅಂದರೆ, ಒಂದು ಬೇರೆ ಜಾತಿ ಇದೆ. ಅದರಲ್ಲಿ ಗಾಳಿಯಿಂದ ಚರ್ಮವನ್ನು ಮೇಲೆತ್ತಿ ಹಿಡಿಯುತ್ತಾರೆ, ಮರಗಟ್ಟಿಸುವ ಔಷಧಿ ಕೊಡುತ್ತಾರೆ, ಆಮೇಲೆ ಸಣ್ಣ ಬ್ಲೇಡಿನಿಂದ ಚರ್ಮದ ಕೆಳಗಿನ ಆ ಎಳೆಯನ್ನೇ ಕತ್ತರಿಸುತ್ತಾರೆ. ದಾರ ಬಿಚ್ಚುವುದು ಅಂದರೆ ಇದು. ಸೆಲ್ಫಿನಾ ಅನ್ನುವ ಉಪಕರಣ 2015ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು, ಮೂರು ವರ್ಷದ ನಂತರ ನೋಡಿದಾಗಲೂ ಫಲಿತಾಂಶ ಉಳಿದಿತ್ತು ಅಂತ 2017ರಲ್ಲಿ ವರದಿಯಾಗಿದೆ. ಆದರೆ ಇಲ್ಲಿ ಕೆಲಸ ಮಾಡುವುದು ಬ್ಲೇಡು, ಸಕ್ಷನ್ ಹಿಡಿದುಕೊಳ್ಳುವುದಕ್ಕೆ ಮಾತ್ರ. ಇದು ಪಾರ್ಲರ್‌ನಲ್ಲಿ ಮಾಡುವ ಕೆಲಸವೂ ಅಲ್ಲ, ಚರ್ಮದ ಡಾಕ್ಟರೋ ಪ್ಲಾಸ್ಟಿಕ್ ಸರ್ಜನ್ನೋ ಮಾಡಬೇಕು. ನಾನು ಮಾಡಿಸಿಲ್ಲ, ಹಾಗಾಗಿ ಅನುಭವ ಹೇಳಲಾರೆ. ಎಳೆಯನ್ನು ಕರಗಿಸುವ ಇಂಜೆಕ್ಷನ್ ಕೂಡ ಬಂದಿತ್ತು, ಕ್ವೋ ಅಂತ, 2020ರಲ್ಲಿ ಎಫ್‌ಡಿಎ ಒಪ್ಪಿತು. ಜಾಸ್ತಿ ಕಂದುವುದು, ಕಲೆ ಉಳಿಯುವುದು ದೊಡ್ಡ ತಲೆನೋವಾಗಿ 2022ರ ಕೊನೆಗೆ ಕಂಪನಿಯೇ ನಿಲ್ಲಿಸುವುದಾಗಿ ಹೇಳಿತು.

ಲೈಪೋಸಕ್ಷನ್ ಜೊತೆ ಮಾತ್ರ ಇದನ್ನು ಬೆರೆಸಬೇಡಿ. ಅದು ಒಳಗಿನ ಕೊಬ್ಬು ತೆಗೆಯುವ ಆಪರೇಷನ್. ಸೆಲ್ಯುಲೈಟ್‌ಗೆ ಅಂತ ಮಾಡಿಸಿದರೆ ಗುಂಡಿ ಇನ್ನೂ ಜಾಸ್ತಿ ಕಾಣಬಹುದು.

ನನಗೆ ಈ ನಡುವೆ ಸ್ವಲ್ಪ ವ್ಯತ್ಯಾಸ ಕಂಡಿದ್ದು ಬೇರೆ ಕಡೆಯಿಂದ. ಭಾರ ಎತ್ತಿ ಸ್ಕ್ವಾಟ್ ಮಾಡಲು ಶುರು ಮಾಡಿದ ಮೇಲೆ ತೊಡೆ ಗಟ್ಟಿಯಾಯಿತು, ಚರ್ಮ ಬಿಗಿಯಾಗಿ ಕೂತಿತು. ಗುಂಡಿ ಹೋಗಲಿಲ್ಲ, ಮೊದಲಿಗಿಂತ ಆಳ ಕಡಿಮೆ ಕಾಣುತ್ತದೆ. ಇದು ಸಕ್ಷನ್‌ನಂತೆ ಮಾರನೇ ದಿನ ಮಾಯ ಆಗಲಿಲ್ಲ.

ಇಷ್ಟಾದರೂ ಕಪ್ ಎಸೆದಿಲ್ಲ. ಯಾಕೆಂದರೆ ಅದರ ಮಸಾಜ್ ನನಗೆ ನಿಜವಾಗಿ ಇಷ್ಟ. ದಿನವಿಡೀ ನಿಂತು ಕಾಲು ಸೆಳೆಯುವಾಗ ಸ್ನಾನಕ್ಕೆ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿ, ಕಪ್ಪನ್ನು ಸ್ವಲ್ಪವೇ ಹಿಸುಕಿ ಅಂಟಿಸಿ, ಒಂದೇ ಕಡೆ ನಿಲ್ಲಿಸದೆ ಕೆಳಗಿನಿಂದ ಮೇಲಕ್ಕೆ ಜಾರಿಸುತ್ತೇನೆ. ಎಣ್ಣೆ ಧಾರಾಳವಾಗಿರಲಿ, ಒಣ ಚರ್ಮದಲ್ಲಿ ಎಳೆದರೆ ಉರಿಯುತ್ತದೆ. ಮಂಡಿಯ ಹಿಂಭಾಗ, ತೊಡೆ ಸಂದಿ ಬಿಟ್ಟುಬಿಡಿ. ಮದುವೆ ಮನೆಗೋ ಈಜುಕೊಳಕ್ಕೋ ಹೋಗುವುದಿದ್ದು ಆ ಒಂದು ಸಂಜೆಗೆ ಚರ್ಮ ನುಣುಪಾಗಿ ಕಾಣಲಿ ಅಂತಿದ್ದರೆ ಕಪ್ ಸಾಕು, ಆದರೆ ಮೊದಲ ಸಲ ಅವತ್ತೇ ಹಾಕಬೇಡಿ, ಕಂದಿದರೆ ಕಷ್ಟ.

ನನ್ನ ಅಂಕ: ಸೆಲ್ಯುಲೈಟ್ ಹೋಗುವುದಕ್ಕೆ ಐದಕ್ಕೆ ಒಂದು. ಕಾಲು ನೋವಿಗೆ, ಹಿತಕ್ಕೆ ನಾಲ್ಕು. ಕ್ಲಿನಿಕ್ ಪ್ಯಾಕೇಜ್ ತೆಗೆದುಕೊಳ್ಳಲೇಬೇಕು ಅನ್ನಿಸಿದರೆ ಒಂದು ಸಿಟ್ಟಿಂಗ್‌ಗೆ ಮಾತ್ರ ದುಡ್ಡು ಕೊಡಿ, ಒಂದು ಕಾಲಿಗೆ ಮಾಡಿಸಿ, ಎರಡು ವಾರ ಬಿಟ್ಟು ಎರಡೂ ಕಾಲು ನೋಡಿಕೊಳ್ಳಿ. ಅದಕ್ಕೆ ಒಪ್ಪದೆ ಇವತ್ತೇ ಪೂರ್ತಿ ಕಟ್ಟಿದರೆ ಡಿಸ್ಕೌಂಟ್ ಅಂತ ಒತ್ತಾಯ ಮಾಡಿದರೆ ಎದ್ದು ಬನ್ನಿ.