ಕತ್ತಲಲ್ಲಿ ಹೊಳೆದ ಒಮೆಗಾ: ಹಳೆಯ ಸ್ವಿಸ್ ವಾಚ್ ಕೊಳ್ಳುವವರಿಗೆ ಒಂದು ಎಚ್ಚರಿಕೆ

ಹಳೆಯ ಸ್ವಿಸ್ ಮೆಕ್ಯಾನಿಕಲ್ ವಾಚುಗಳನ್ನು ಸಂಗ್ರಹಿಸುವವರು, ಅದರಲ್ಲೂ ಒಮೆಗಾ ಕಾನ್‌ಸ್ಟಲೇಷನ್ ಹುಡುಕುತ್ತಿರುವವರು, ಹಣ ಕಳುಹಿಸುವ ಮುನ್ನ ಇದನ್ನು ದಯವಿಟ್ಟು ಓದಬೇಕು. ಚಿತ್ರ ನೋಡಿ, ಮಾತು ನಂಬಿ, ನಾನು 1,85,000 ರೂಪಾಯಿ ಕೊಟ್ಟು ಕೊಂಡದ್ದು ಎರಡು ಬೇರೆ ವಾಚುಗಳ ಭಾಗಗಳನ್ನು ಸೇರಿಸಿ, ಡಯಲ್‌ಗೆ ಹೊಸದಾಗಿ ಬಣ್ಣ ಹೊಡೆದ ಒಂದು ಜೋಡಣೆಯನ್ನು.

ಕಾನ್‌ಸ್ಟಲೇಷನ್ ಮಾರುಕಟ್ಟೆಗೆ ಬಂದದ್ದು 1952ರಲ್ಲಿ. ಅದರ ಹಿಂಬದಿಯ ಮುಚ್ಚಳದ ಮೇಲೆ ವೀಕ್ಷಣಾಲಯದ ಉಬ್ಬುಚಿತ್ರವೂ ಎಂಟು ನಕ್ಷತ್ರಗಳೂ ಇರುತ್ತವೆ. ಬೋರಲು ಹಾಕಿದ ತಟ್ಟೆಯಂತೆ ಅಂಚಿನಲ್ಲಿ ಹನ್ನೆರಡು ಮುಖಗಳಾಗಿ ಇಳಿಯುವ ಡಯಲ್ ಇರುವವನ್ನು ಸಂಗ್ರಹಕಾರರು ‘ಪೈ ಪ್ಯಾನ್’ ಎನ್ನುತ್ತಾರೆ. ಅವುಗಳಿಗೇ ಬೇಡಿಕೆ ಹೆಚ್ಚು. ನನಗೆ ಬೇಕಾಗಿದ್ದುದು 1960ರ ದಶಕದ 168.005 ಎಂಬ ಮಾದರಿ. ಅದರೊಳಗೆ 561 ಅಥವಾ 564 ಸಂಖ್ಯೆಯ ಕ್ರೋನೋಮೀಟರ್ ದರ್ಜೆಯ, ಅಂದರೆ ನಿಖರತೆಯ ಪರೀಕ್ಷೆಯಲ್ಲಿ ತೇರ್ಗಡೆಯಾದ, ಮೆಷಿನ್ ಇರಬೇಕು.

ಮುಂಬೈಯ ಮಾರಾಟಗಾರರೊಬ್ಬರು ಕಳುಹಿಸಿದ ಐದು ಚಿತ್ರಗಳಲ್ಲಿ ಒಂದನ್ನು ಕತ್ತಲಕೋಣೆಯಲ್ಲಿ ತೆಗೆದಿದ್ದರು. ಮುಳ್ಳುಗಳೂ ಗಂಟೆಯ ಗುರುತುಗಳೂ ಹಸಿರಾಗಿ ಹೊಳೆಯುತ್ತಿದ್ದವು. "1966ರ ವಾಚು ಸರ್, ಇವತ್ತಿಗೂ ಹೀಗೆ ಹೊಳೆಯುತ್ತದೆ ನೋಡಿ" ಎಂದರು. ನಾನು ಮನಸೋತದ್ದು ಆ ಚಿತ್ರಕ್ಕೆ, ಅನುಮಾನಿಸಬೇಕಾಗಿದ್ದುದೂ ಆ ಚಿತ್ರವನ್ನೇ. ಆ ಕಾಲದ ಸ್ವಿಸ್ ವಾಚುಗಳಲ್ಲಿ ಹೊಳಪಿಗೆ ಬಳಸುತ್ತಿದ್ದುದು ಟ್ರಿಟಿಯಂ, ಹೊಳೆಯುವ ಪುಡಿಯೊಂದನ್ನು ತನ್ನ ವಿಕಿರಣದಿಂದ ಬೆಳಗಿಸುವ ವಸ್ತು. ಅದರ ಅರ್ಧಾಯುಷ್ಯ (ಇದ್ದದ್ದು ಅರ್ಧಕ್ಕಿಳಿಯಲು ಬೇಕಾದ ಕಾಲ) ಸುಮಾರು 12.3 ವರ್ಷ, ಅಂದರೆ 1966ರಲ್ಲಿ ಹಚ್ಚಿದ್ದರಲ್ಲಿ ಇಂದು ನೂರಕ್ಕೆ ಐದು ಪಾಲೂ ಉಳಿದಿರುವುದಿಲ್ಲ. ಹೊಳೆಯುವ ಪುಡಿಯೂ ಇಷ್ಟು ಹೊತ್ತಿಗೆ ಸತ್ವ ಕಳೆದುಕೊಂಡು ಕೆನೆ ಬಣ್ಣಕ್ಕೋ ಕಂದು ಬಣ್ಣಕ್ಕೋ ತಿರುಗಿರುತ್ತದೆ. ಹಸಿರು ಬೆಳಕನ್ನು ಗಂಟೆಗಟ್ಟಲೆ ಚೆಲ್ಲುವುದು 1990ರ ದಶಕದಲ್ಲಿ ಬಳಕೆಗೆ ಬಂದ ಬೇರೊಂದು ಬಗೆಯ ಬಣ್ಣ. ಅರವತ್ತರ ದಶಕದ್ದೆಂದು ಹೇಳುವ ವಾಚು ರಾತ್ರಿಯಿಡೀ ಹೊಳೆದರೆ, ಆ ಬಣ್ಣವನ್ನು ಯಾರೋ ಇತ್ತೀಚೆಗೆ ಹಚ್ಚಿದ್ದಾರೆಂದೇ ತಿಳಿಯಬೇಕು.

ವಾಚು ಕೈಸೇರಿದ ಎರಡು ವಾರದ ಮೇಲೆ ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳತೊಡಗಿತು. ಚಿಕ್ಕಪೇಟೆಯಲ್ಲಿ ಬಹುಕಾಲದಿಂದ ರಿಪೇರಿ ಮಾಡುತ್ತಿರುವ ಹಿರಿಯರೊಬ್ಬರ ಬಳಿಗೆ ಒಯ್ದೆ. ಅವರು ಮುಚ್ಚಳ ಬಿಚ್ಚುವ ಮೊದಲೇ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಡಯಲ್ ನೋಡಿದರು, ಆಮೇಲೆ ಮಸೂರವನ್ನು ನನ್ನ ಕೈಗಿತ್ತರು. ಹನ್ನೆರಡು ಮುಖಗಳು ಸೇರುವ ಏಣುಗಳು ಚೂಪಾಗಿರಲಿಲ್ಲ. ಹಳೆಯ ಬಣ್ಣವನ್ನು ಉಜ್ಜಿ ತೆಗೆಯುವಾಗ ಅವು ಸವೆದುಹೋಗಿದ್ದವು. ಗಂಟೆಯ ಗುರುತೊಂದರ ಬುಡದಲ್ಲಿ ಬಣ್ಣ ಮಡುಗಟ್ಟಿ ಒಣಗಿತ್ತು. ನಿಮಿಷದ ಗೆರೆಗಳಲ್ಲಿ ಕೆಲವು ಅಂಚನ್ನು ಮುಟ್ಟಿದ್ದವು, ಕೆಲವು ಮುಟ್ಟಿರಲಿಲ್ಲ. ಬರಿಗಣ್ಣಿಗೆ ಇದಾವುದೂ ಕಂಡಿರಲಿಲ್ಲ.

ಬಳಿಕ ಮುಚ್ಚಳ ತೆಗೆದರು. ತಾಮ್ರದ ಬಣ್ಣದ ಮೆಷಿನ್ ಅಂದವಾಗಿಯೇ ಇತ್ತು, ಆದರೆ ಅದರ ಮೇಲೆ ಕೆತ್ತಿದ್ದ ಸಂಖ್ಯೆ 565. ಅದು ಕೂಡ ಒಮೆಗಾದ ಒಳ್ಳೆಯ ಮೆಷಿನ್ನೇ, ಸೀಮಾಸ್ಟರ್ ಎಂಬ ಅದರ ಇನ್ನೊಂದು ಮಾದರಿಯ ವಾಚುಗಳಲ್ಲಿ ಬರುತ್ತಿದ್ದದ್ದು. ಆದರೆ ಅದು ಕ್ರೋನೋಮೀಟರ್ ಅಲ್ಲ. ಡಯಲ್‌ನಲ್ಲಿ ಮಾತ್ರ ಅಧಿಕೃತ ಪ್ರಮಾಣಪತ್ರ ಪಡೆದ ಕ್ರೋನೋಮೀಟರ್ ಎಂದೇ ಬರೆದಿತ್ತು. "ಇದು ಒಂದು ವಾಚಲ್ಲ ಸ್ವಾಮಿ. ಒಳಗಡೆ ಒಂದು, ಹೊರಗಡೆ ಇನ್ನೊಂದು" ಎಂದು ಆ ಹಿರಿಯರು ಹೇಳಿದಾಗ ನನಗೆ ಮಾತೇ ಹೊರಡಲಿಲ್ಲ.

ಇಲ್ಲೊಂದು ಮಾತು ಹೇಳಬೇಕು. ಡಯಲ್‌ಗೆ ಮತ್ತೆ ಬಣ್ಣ ಹೊಡೆಯುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ನಮ್ಮ ಹವೆಯಲ್ಲಿ ಡಯಲ್‌ಗಳು ಬೇಗ ಕಲೆಗಟ್ಟುತ್ತವೆ. ವಿದೇಶಿ ಬಿಡಿಭಾಗಗಳು ಸುಲಭಕ್ಕೆ ಸಿಗದಿದ್ದ ದಿನಗಳಲ್ಲಿ, ತಂದೆಯ ವಾಚನ್ನೋ ಮಾವ ಕೊಟ್ಟ ವಾಚನ್ನೋ ಉಳಿಸಿಕೊಳ್ಳಲು ಜನ ಅವಕ್ಕೆ ಬಣ್ಣ ಹಾಕಿಸುತ್ತಿದ್ದರು. ಅದನ್ನು ಕೈಯಿಂದ ಮಾಡುತ್ತಿದ್ದವರ ಕುಶಲತೆಯ ಬಗ್ಗೆ ನನಗೆ ಗೌರವವಿದೆ. ತಪ್ಪಿರುವುದು ಅದನ್ನು ಮುಚ್ಚಿಟ್ಟು ಮೂಲ ಡಯಲ್ ಎಂದು ಹೇಳಿ ಮೂಲದ ಬೆಲೆ ಪಡೆಯುವುದರಲ್ಲಿ. 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ನಮ್ಮದೇ ಎಚ್‌ಎಂಟಿ ವಾಚ್ ಕಾರ್ಖಾನೆಯ ಜನತಾ, ಪೈಲಟ್ ವಾಚುಗಳೂ ಕಾರ್ಖಾನೆ ಎಂದೂ ಮಾಡದ ಬಣ್ಣಗಳಲ್ಲಿ ಇಂದು ಮಾರಾಟವಾಗುತ್ತಿರುವುದನ್ನು ನೋಡಿದರೆ ಸಂಕಟವಾಗುತ್ತದೆ.

ಇಂಥ ಜೋಡಣೆಗೆ ಬಲ್ಲವರೂ ಮೋಸಹೋಗುತ್ತಾರೆ. 2021ರ ನವೆಂಬರ್‌ನಲ್ಲಿ ಜಿನೀವಾದ ಹರಾಜಿನಲ್ಲಿ 1957ರ ಒಮೆಗಾ ಸ್ಪೀಡ್‌ಮಾಸ್ಟರ್ ಒಂದು 31 ಲಕ್ಷ ಸ್ವಿಸ್ ಫ್ರಾಂಕ್‌ಗೂ ಹೆಚ್ಚಿನ ಬೆಲೆಗೆ ಹೋಯಿತು. ಅದನ್ನು ಕೊಂಡದ್ದು ಸ್ವತಃ ಒಮೆಗಾ. ಅದು ಬೇರೆ ಬೇರೆ ವಾಚುಗಳ ಭಾಗಗಳಿಂದ ಕಟ್ಟಿದ್ದೆಂದು 2023ರಲ್ಲಿ ಆ ಕಂಪನಿಯೇ ತಿಳಿಸಿತು.

ಹಣ ಹಿಂದಿರುಗಿಸಿರೆಂದು ಕೇಳಿದಾಗ, ವಾಚು ನನ್ನ ಬಳಿ ಬಂದ ಮೇಲೆ ಮೆಷಿನ್ ಬದಲಾಗಿರಬಹುದೆಂದು ಮಾರಾಟಗಾರರು ಉತ್ತರಿಸಿದರು. ಅದನ್ನು ಅಲ್ಲಗಳೆಯಲು ನನ್ನಲ್ಲಿ ಪುರಾವೆ ಇರಲಿಲ್ಲ. ಹಳೆಯ ಒಮೆಗಾಗಳಲ್ಲಿ ಕ್ರಮಸಂಖ್ಯೆ ಇರುವುದು ಒಳಗಿನ ಮೆಷಿನ್ ಮೇಲೆ, ಮುಚ್ಚಳ ತೆಗೆದ ಚಿತ್ರವನ್ನು ನಾನು ಕೇಳಿಯೇ ಇರಲಿಲ್ಲ. ಆದ್ದರಿಂದ ಮೆಷಿನ್‌ನ ಸಂಖ್ಯೆ, ಕ್ರಮಸಂಖ್ಯೆ, ಮುಚ್ಚಳದ ಒಳಮೈಯಲ್ಲಿರುವ ಮಾದರಿ ಸಂಖ್ಯೆ ಇವು ಓದಲು ಬರುವಂಥ ಚಿತ್ರಗಳನ್ನೂ, ಡಯಲ್‌ನ ಅಂಚನ್ನು ಹತ್ತಿರದಿಂದ ತೆಗೆದ ಚಿತ್ರವನ್ನೂ ಮೊದಲೇ ತರಿಸಿಕೊಳ್ಳಿ. ಡಯಲ್ ಮೂಲದ್ದೆಂಬ ಮಾತನ್ನು ಬರವಣಿಗೆಯಲ್ಲಿ ಪಡೆಯಿರಿ. ಮುಚ್ಚಳ ತೆಗೆಯುವ ಸಲಕರಣೆ ಇಲ್ಲವೆಂದು ಮಾರುವವರು ಹೇಳಿದರೆ ಅಲ್ಲಿಗೆ ಮಾತು ನಿಲ್ಲಿಸಿ.

ಕಳೆದ ವಾರ ಅದೇ ಮಾರಾಟಗಾರರು ಇನ್ನೊಂದು ಕಾನ್‌ಸ್ಟಲೇಷನ್ ಅನ್ನು ಮಾರಾಟಕ್ಕಿಟ್ಟಿದ್ದಾರೆ. ಮೊದಲು ಕಾಣುವುದು ಕತ್ತಲಲ್ಲಿ ತೆಗೆದ ಚಿತ್ರ. ಮುಚ್ಚಳ ತೆಗೆದ ಚಿತ್ರ ಅದರಲ್ಲೂ ಇಲ್ಲ.